ಪುಕ್ಕದ ಬಣ್ಣವೂ ತಳಿಯ ಗುರುತೂ

ಕೋಳಿ ವ್ಯಾಪಾರದಲ್ಲಿ ಈಗ ಎರಡು ನಂಬಿಕೆಗಳಿಗೆ ಒಳ್ಳೆಯ ಬೆಲೆ ಇದೆ. ಪುಕ್ಕ ಕಪ್ಪಾಗಿದ್ದರೆ ಅದು ಮೈಯೊಳಗೂ ಕಪ್ಪಾದ ಕಡಕ್‌ನಾಥ್. ಕೆಂಪು, ಕಂದು, ಬೂದು ಬೆರೆತಿದ್ದರೆ ನಾಟಿ. ಕಡಕ್‌ನಾಥ್‌ನಲ್ಲೇ ಕಡುಕಪ್ಪು, ಗೀರುಗೀರಿನದು, ಹೊಂಬಣ್ಣದ್ದು ಎಂದು ಮೂರು ಬಗೆ ಇರುವುದು ಕೊಳ್ಳುವವರಿಗೆ ಬೇಕಾಗಿಲ್ಲ, ಮಾರುವವರು ಹೇಳುವುದೂ ಇಲ್ಲ. ಪುಕ್ಕದ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಬಗೆಯನ್ನು ಕುರಿತು ನೂರಿಪ್ಪತ್ತು ವರ್ಷಗಳ ಕೆಲಸವಿದೆ. ಅದರಲ್ಲಿ ಹಿತ್ತಿಲಿಗೆ ತಲುಪಿದ್ದು ಅತ್ಯಲ್ಪ.

ಅದಕ್ಕೂ ಹಿಂದಿನ ಡಾರ್ವಿನ್ನನ ಪ್ರಸಂಗವನ್ನು ಬೇಗ ಮುಗಿಸಬಹುದು. ಕಪ್ಪು ಸ್ಪ್ಯಾನಿಷ್ ಹುಂಜವನ್ನು ಬಿಳಿ ಸಿಲ್ಕಿ ಹೇಂಟೆಗೆ ಕೂಡಿಸಿದಾಗ ಹುಟ್ಟಿದ ಒಂದು ಹುಂಜ ಕೆಂಪು ಕಾಡುಕೋಳಿಯ ಬಣ್ಣ ತಳೆದದ್ದನ್ನು ಅವನು 1868ರ ಪುಸ್ತಕದಲ್ಲಿ ಬರೆದ. ಕಾರಣ ಅವನಿಗೆ ಗೊತ್ತಿರಲಿಲ್ಲ. 1902ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಬೇಟ್ಸನ್ ಮೆಂಡೆಲ್‌ನ ಆನುವಂಶಿಕತೆಯ ನಿಯಮವನ್ನು ಕೋಳಿಯಲ್ಲಿ ತೋರಿಸಿದ ಮೇಲೆ ದಾರಿ ತೆರೆಯಿತು. ನೀಲಿ ಆಂಡಲೂಷಿಯನ್ ಕೋಳಿಯ ಒಗಟು ಬಿಡಿಸಿದ್ದು ಆಗಲೇ. ನೀಲಿಗೆ ನೀಲಿ ಕೂಡಿಸಿದರೆ ನಾಲ್ಕರಲ್ಲಿ ಎರಡು ನೀಲಿ, ಒಂದು ಕಪ್ಪು, ಇನ್ನೊಂದು ಚುಕ್ಕೆಗಳಿರುವ ಬಿಳಿ. ಎಷ್ಟು ಆರಿಸಿದರೂ ತಳಿ ಶುದ್ಧವಾಗಲಿಲ್ಲವೆಂದು ಸಾಕುವವರು ಕೊರಗುತ್ತಿದ್ದರು. ಅವರು ಬೇಡವೆಂದು ತೆಗೆದುಹಾಕುತ್ತಿದ್ದ ಆ ಕಪ್ಪನ್ನೂ ಬಿಳಿಯನ್ನೂ ಕೂಡಿಸಿದರೆ ಮರಿಗಳೆಲ್ಲ ನೀಲಿ!

ಬಿಳಿಯ ಕಥೆಯೇ ಬೇರೆ. ಕೋಳಿಯಲ್ಲಿ ಬಿಳಿ ಎನ್ನುವುದು ಮುಸುಕು; ಅದರಡಿ ಯಾವ ಬಣ್ಣವಾದರೂ ಇರಬಹುದು. ಮುಸುಕಿನಲ್ಲೂ ಬಗೆಗಳಿವೆ. ಲೆಗ್‌ಹಾರ್ನ್‌ನ ಪ್ರಬಲ ಬಿಳಿ ಕಪ್ಪನ್ನು ಚೆನ್ನಾಗಿ ತಡೆಯುತ್ತದೆ, ಕೆಂಪನ್ನು ಅಷ್ಟಾಗಿ ತಡೆಯದು. ಸುಪ್ತ ಬಿಳಿ ಎರಡನ್ನೂ ಅಳಿಸುತ್ತದೆ, ಆದರೆ ಜೋಡಿಯಾಗಿ ಬಂದರೆ ಮಾತ್ರ. ಈ ಎರಡು ಬಿಳಿಗಳನ್ನು ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ಬಿಳಿ. ಎರಡನೆಯದರಲ್ಲಿ ಹದಿನಾರಕ್ಕೆ ಮೂರು ಬಣ್ಣದವು ಹುಟ್ಟುತ್ತವೆ. ಬಿಳಿ ಕೋಳಿಗಳ ಕೊಟ್ಟಿಗೆಯಲ್ಲಿ ಬಣ್ಣದ ಮರಿ ಕಂಡು ಪಕ್ಕದ ಮನೆಯ ಹುಂಜವನ್ನು ಬೈಯುವವರು ಈ ಲೆಕ್ಕ ನೋಡಬೇಕು.

ಕೆಲವು ಬಣ್ಣಗಳು ಲಿಂಗದ ಜೊತೆ ಇಳಿಯುತ್ತವೆ. ಲಿಂಗ ನಿರ್ಧರಿಸುವ ಝಡ್ ವರ್ಣತಂತು ಹುಂಜಕ್ಕೆ ಎರಡು, ಹೇಂಟೆಗೆ ಒಂದೇ. ಹೇಂಟೆಯ ಆ ಒಂದು ಝಡ್ ಗಂಡುಮರಿಗೆ ಮಾತ್ರ ಹೋಗುತ್ತದೆ. ಹೆಣ್ಣುಮರಿಗೆ ಅದು ಅಪ್ಪನಿಂದಲೇ ಬರಬೇಕು. ಪ್ಲಿಮತ್ ರಾಕ್ ಕೋಳಿಯ ಅಡ್ಡಪಟ್ಟೆ ಹೀಗೆ ಲಿಂಗಕ್ಕೆ ಅಂಟಿಕೊಂಡು ಸಾಗುತ್ತದೆಂದು ಅಮೆರಿಕದ ಸ್ಪಿಲ್‌ಮನ್ ಹೇಳಿದ್ದು 1908ರಲ್ಲಿ. ಮಾರ್ಗನ್‌ನ ಬಿಳಿಗಣ್ಣಿನ ನೊಣ, ಲಿಂಗಕ್ಕೆ ಅಂಟಿದ ಗುಣಕ್ಕೆ ಹೆಸರಾದದ್ದು, ಬಂದದ್ದು 1910ರಲ್ಲಿ. ಪಠ್ಯಪುಸ್ತಕಗಳು ನೊಣದಿಂದಲೇ ಶುರುಮಾಡುತ್ತವೆ, ಇರಲಿ.

ನನ್ನ ಲೆಕ್ಕದಲ್ಲಿ ಇಡೀ ಚರಿತ್ರೆಯ ಅತ್ಯಂತ ಉಪಯುಕ್ತ ಪ್ರಯೋಗ 1911ರದು. ಬೇಟ್ಸನ್ ಮತ್ತು ಅವನ ಸಹೋದ್ಯೋಗಿ ಪನ್ನೆಟ್ ಅದನ್ನು ಪ್ರಕಟಿಸಿದ್ದು ತಾವೇ ಹುಟ್ಟುಹಾಕಿದ್ದ ‘ಜರ್ನಲ್ ಆಫ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ. ತಳಿವಿಜ್ಞಾನಿ ಹಾಲ್ಡೇನ್ ಜೊತೆ ಭಾರತಕ್ಕೆ ಬಂದ ಆ ಪತ್ರಿಕೆ ಇವತ್ತು ಬೆಂಗಳೂರಿನಿಂದಲೇ ಹೊರಡುತ್ತದೆ. ಸಿಲ್ಕಿಯ ಪುಕ್ಕ ಬಿಳಿ, ಚರ್ಮ ಮತ್ತು ಮೂಳೆಯ ಹೊದಿಕೆ ಕಪ್ಪು. ಅದನ್ನು ಕಂದು ಲೆಗ್‌ಹಾರ್ನ್‌ಗೆ ಕೂಡಿಸಿದರು. ಸಿಲ್ಕಿ ಹೇಂಟೆ, ಲೆಗ್‌ಹಾರ್ನ್ ಹುಂಜ ಆದರೆ ಮರಿಗಳೆಲ್ಲ ಹೆಚ್ಚುಕಡಿಮೆ ತಿಳಿಚರ್ಮದವು. ತಿರುಗಿಸಿ, ಸಿಲ್ಕಿ ಹುಂಜಕ್ಕೆ ಲೆಗ್‌ಹಾರ್ನ್ ಹೇಂಟೆ ಕೊಟ್ಟರೆ ಗಂಡು ತಿಳಿ, ಹೆಣ್ಣು ಕಡುಕಪ್ಪು. ಮೈಯೊಳಗಿನ ಕಪ್ಪಿಗೆ ಒಂದು ಪ್ರಬಲ ಜೀನ್. ಅದನ್ನು ಅಡಗಿಸುವ ಇನ್ನೊಂದು ಜೀನ್ ಝಡ್ ಮೇಲೆ. ಲೆಗ್‌ಹಾರ್ನ್ ಅಮ್ಮ ಆ ಅಡಗಿಸುವ ಜೀನನ್ನು ಗಂಡುಮಕ್ಕಳಿಗಷ್ಟೇ ಕೊಡಬಲ್ಲಳು. ಸಿಲ್ಕಿಯ ಜಾಗದಲ್ಲಿ ಕಡಕ್‌ನಾಥ್, ಲೆಗ್‌ಹಾರ್ನ್ ಜಾಗದಲ್ಲಿ ಬಿಳಿ ಅಥವಾ ಹಳದಿ ಕಾಲಿನ ಊರಕೋಳಿ ಇಟ್ಟು ನೋಡಿ. ಒಂದು ಕಡಕ್‌ನಾಥ್ ಹುಂಜ ತಂದು ಊರ ಹೇಂಟೆಗಳ ಜೊತೆ ಬಿಟ್ಟವನಿಗೆ ಹುಟ್ಟುವ ಹೆಣ್ಣುಮರಿಗಳು ಒಳಗೆಲ್ಲ ಕಪ್ಪು. ‘ಶುದ್ಧ’ ಎಂದು ಹೋಗುವುದು ಅವೇ. ಪುಕ್ಕದ ಕಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ಅದರ ಜೀನ್ ಬೇರೆ ಕಡೆ ಇದೆ.

ಮುಂದಿನ ಎರಡು ದಶಕಗಳ ಹಂಬಲ ಒಂದೇ: ಒಂದು ದಿನದ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು. ಹೊಂಬಣ್ಣದ ಹುಂಜಕ್ಕೆ ಬೆಳ್ಳಿ ಬಣ್ಣದ ಹೇಂಟೆ ಕೂಡಿಸಿದರೆ ಹೆಣ್ಣುಮರಿ ಹೊನ್ನು, ಗಂಡು ಬೆಳ್ಳಿ. ಪನ್ನೆಟ್ ಮತ್ತು ಪೀಸ್ ಕೇಂಬ್ರಿಜ್‌ನಲ್ಲಿ ಪಟ್ಟೆಯ ಜೀನ್ ಸೇರಿಸಿ, ಕೂಡಿಕೆ ಬದಲಿಸದೆಯೇ ಪ್ರತಿ ಪೀಳಿಗೆಯಲ್ಲೂ ಮರಿಯ ಬಣ್ಣದಲ್ಲಿ ಲಿಂಗ ಕಾಣುವ ಕ್ಯಾಂಬಾರ್, ಲೆಗ್‌ಬಾರ್ ತಳಿಗಳನ್ನು ಕಟ್ಟಿದರು. ಅಷ್ಟರಲ್ಲಿ ಜಪಾನಿನ ಮಸುಯಿ ಮತ್ತು ಹಾಶಿಮೊಟೊ ಮರಿಯ ಗುದದ್ವಾರ ನೋಡಿ ಲಿಂಗ ಹೇಳುವ ವಿಧಾನವನ್ನು ಹೊರಲೋಕಕ್ಕೆ ತಿಳಿಸಿದ್ದರು. ಆಮೇಲೆ ಉದ್ಯಮ ಬಿಳಿಯ ಹಿಂದೆ ಬಿತ್ತು. ಪುಕ್ಕ ಕಿತ್ತ ಮೇಲೆ ಉಳಿಯುವ ಬಿಳಿ ಮೊಳಕೆಗಳು ಮಾಂಸದ ಮೇಲೆ ಕಾಣುವುದಿಲ್ಲ, ಅಷ್ಟೇ ಕಾರಣ. ಹಣ ಹೋದ ಕಡೆ ಸಂಶೋಧನೆಯೂ ಹೋಯಿತು. ಬಣ್ಣದ ವಿದ್ಯೆ ಪ್ರದರ್ಶನಕ್ಕೆ ಕೋಳಿ ಸಾಕುವ ಹವ್ಯಾಸಿಗಳ ಪಾಲಾಯಿತು.

ನಮ್ಮ ಪೀಳಿಗೆಯವರು ಬೆಂಗಳೂರಿನ ಹೆಬ್ಬಾಳದ ಕಾಲೇಜಿನಲ್ಲಿ ಓದಿದ್ದು ಹಟ್ ಬರೆದ 1949ರ ‘ಜೆನೆಟಿಕ್ಸ್ ಆಫ್ ದಿ ಫೌಲ್’. ಆದರೆ ಕಣ್ಣು ತೆರೆಸಿದ್ದು ಮ್ಯಾಸಚೂಸೆಟ್ಸ್‌ನ ಸ್ಮಿತ್. ಬಣ್ಣಕ್ಕೆ ಒಂದೊಂದು ಜೀನ್ ಹುಡುಕುವ ಚಟ ಬಿಡಿಸಿ, ಮೊದಲು ತಳಪಾಯ ನೋಡಿ ಎಂದವರು ಅವರು. ‘ಇ’ ಎಂಬ ಸ್ಥಾನದಲ್ಲಿರುವ ಜೀನ್ ಕಪ್ಪು ಎಷ್ಟು ಹರಡಬೇಕೆಂದು ತೀರ್ಮಾನಿಸುತ್ತದೆ. ಅದರ ಮೇಲೆ ಕಪ್ಪನ್ನು ಕತ್ತು ಬಾಲಗಳಿಗೆ ಸೀಮಿತಗೊಳಿಸುವ ಜೀನ್‌ಗಳು, ಗೀರು ಅಂಚು ಮೂಡಿಸುವವು, ತಿಳಿಗೊಳಿಸುವವು. ಒಂದೇ ಬಣ್ಣದ ಎರಡು ಕೋಳಿಗಳ ತಳಪಾಯ ಬೇರೆಯಾಗಿರಬಹುದು. ಬೆಳೆದ ಹಕ್ಕಿಯನ್ನಷ್ಟೇ ನೋಡಿದರೆ ಮೊಮ್ಮಕ್ಕಳು ಹುಟ್ಟುವವರೆಗೆ ಅದು ಗೊತ್ತಾಗದು.

1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಗಿರಿರಾಜ ಕೋಳಿ ಹೊರಬಂದಾಗ ಬಣ್ಣದ ಪುಕ್ಕ ಅಲಂಕಾರಕ್ಕೆ ಇರಲಿಲ್ಲ. ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ, ಹಳ್ಳಿಯವರ ಮನಸ್ಸಿಗೂ ಹಿಡಿಸುವುದಿಲ್ಲ. ಹೈದರಾಬಾದಿನ ವನರಾಜ ಕೋಳಿಯ ಹಿಂದೆಯೂ ಇದೇ ವಿಚಾರ. ಗಿರಿರಾಜ ಬೆರಕೆ ತಳಿ. ಅದರ ಮೊಟ್ಟೆಯನ್ನೇ ಕಾವಿಗಿಟ್ಟರೆ ಮರಿಗಳು ತಾಯಿಯಂತೆ ಬರುವುದಿಲ್ಲ. ಇದನ್ನು ಎಷ್ಟು ಹೇಳಿದರೂ ಇಟ್ಟವರು ಇಟ್ಟರು. ಅದಕ್ಕೂ ಹಿಂದೆ ಹುಂಜ ವಿನಿಮಯದ ಯೋಜನೆಗಳಲ್ಲಿ ರೋಡ್ ಐಲೆಂಡ್ ರೆಡ್‌ನಂಥ ವಿದೇಶಿ ಹುಂಜಗಳು ಹಳ್ಳಿ ಸೇರಿದ್ದವು. ಹೀಗಿರುವಾಗ ಕೆಂಪು ಕಂದು ಪುಕ್ಕ ನಾಟಿತನಕ್ಕೆ ಯಾವ ಸಾಕ್ಷಿ?

ಡಿಎನ್‌ಎ ಯುಗದ ಸಾಧನೆ ದೊಡ್ಡದೇ. 1996ರಲ್ಲಿ ‘ಇ’ ಸ್ಥಾನದ ಜೀನ್ ಯಾವುದೆಂದು ತಿಳಿಯಿತು. 2004ರಲ್ಲಿ ಕಾಡುಕೋಳಿಯ ಜೀನೋಮ್ ಬಂತು. ಪ್ರಬಲ ಬಿಳಿ, ಬೆಳ್ಳಿ, ಪಟ್ಟೆ ಒಂದರ ಹಿಂದೊಂದು ಸ್ವೀಡನ್ನಿನ ಉಪ್ಸಲಾದ ಸಂಶೋಧಕರ ಗುಂಪಿಗೆ ಸಿಕ್ಕವು. 2011ರಲ್ಲಿ ಸಿಲ್ಕಿಯ ಒಳಗಪ್ಪಿಗೆ ವರ್ಣತಂತುವಿನ ಒಂದು ತುಂಡು ನಕಲಾಗಿರುವುದೇ ಕಾರಣವೆಂದು ಗೊತ್ತಾಯಿತು. ನಮಗೆ ಹೆಚ್ಚು ಹತ್ತಿರದ್ದು 2008ರ ಶೋಧ. ಸಾಕು ಕೋಳಿಯ ಹಳದಿ ಚರ್ಮದ ಜೀನ್ ಕೆಂಪು ಕಾಡುಕೋಳಿಯದಲ್ಲವಂತೆ, ಪಶ್ಚಿಮಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಬಂದದ್ದಂತೆ. ಈ ಶೋಧಗಳಿಗೆಲ್ಲ ಬೇಕಾದ ಕೋಳಿಗಳನ್ನೂ ಪ್ರಶ್ನೆಗಳನ್ನೂ ಕೊಟ್ಟದ್ದು ಹಳೆಯ ಕೂಡಿಕೆಗಳೇ. ಡಿಎನ್‌ಎ ವರದಿ ಹಿಡಿದು ಬರುವ ಹುಡುಗರಿಗೆ ಅದು ನೆನಪಿರುವುದಿಲ್ಲ.

ನಮ್ಮ ತಳಿ ಸಮೀಕ್ಷೆಗಳು ಬೆಳೆದ ಹಕ್ಕಿಯ ಬಣ್ಣವನ್ನು ಶೇಕಡಾವಾರು ಬರೆದು ಮುಗಿಸುತ್ತವೆ. ತಳಪಾಯ ಚೆನ್ನಾಗಿ ಕಾಣುವುದು ಮರಿಯ ತುಪ್ಪುಳದಲ್ಲಿ. ಬೆನ್ನ ಮೇಲೆ ಅಳಿಲಿನ ಗೆರೆಯಿದ್ದರೆ ಕಾಡುಕೋಳಿಯ ರೂಪ, ಬರೀ ಕೆನೆಬಣ್ಣವಾದರೆ ಗೋಧಿಬಣ್ಣದ ರೂಪ, ಕಪ್ಪು ಮೈಗೆ ಬಿಳಿ ಹೊಟ್ಟೆಯಾದರೆ ಹರಡಿದ ಕಪ್ಪು. ಮರಿ ಒಡೆದ ದಿನವೇ ನೋಡಿ ಬರೆಯಬೇಕು. ಕೂಡಿಕೆಯ ಪರೀಕ್ಷೆಗೂ ಪ್ರಯೋಗಾಲಯ ಬೇಡ. ಕಡಕ್‌ನಾಥ್ ಎಂದು ಮಾರುವ ಹೇಂಟೆಗೆ ಬಿಳಿ ಚರ್ಮ, ಬೂದು ಕಾಲಿನ, ಅಂದರೆ ಆ ಅಡಗಿಸುವ ಜೀನ್ ಇಲ್ಲದ ಊರ ಹುಂಜವನ್ನು ಕೂಡಿಸಿ. ಹೇಂಟೆ ಮೊದಲ ಬೆರಕೆಯದಾದರೆ ಮರಿಗಳಲ್ಲಿ ಸುಮಾರು ಅರ್ಧ ತಿಳಿಚರ್ಮದವು. ಹತ್ತಕ್ಕೆ ಹತ್ತೂ ಕಪ್ಪಾದರೆ ಅದು ಬೆರಕೆಯಾಗಿರುವ ಹೇಂಟೆಗೆ ಆಕಸ್ಮಿಕವಾಗಿ ಒದಗುವುದು 1024 ಸಲಕ್ಕೆ ಒಮ್ಮೆ. ಮರಿ ಮಾರುವ ಕೇಂದ್ರಗಳು ಈ ಪರೀಕ್ಷೆಯ ಫಲವನ್ನು ಬೆಲೆಪಟ್ಟಿಯ ಪಕ್ಕದಲ್ಲಿ ತೂಗುಹಾಕಲು ಒಂದು ಕಾವಿನ ಖರ್ಚು ಸಾಕು.