ಕರಗಿದ ದೊರೆಯ ಲೆಕ್ಕ

ಇರುವುದು ಒಂದು ಪಟ್ಟಿ. ಎಡಕ್ಕೆ ಹೆಸರುಗಳು, ಬಲಕ್ಕೆ ತೋಟಾಗಳ ಸಂಖ್ಯೆ, ಕೆಳಗೆ ಮೊತ್ತ: 42,088. ಹಿಂದೆ ಮನೆಯಲ್ಲೇ ಗುಂಡು ಎರಕ ಹೊಯ್ಯುತ್ತಿದ್ದವರು ಯಾವ ಲೋಹವನ್ನು ಆರಿಸಿಕೊಳ್ಳುತ್ತಿದ್ದರು ಎಂದು ಹುಡುಕಲು ಹೊರಟವನು ನಾನು. ಅಮೆರಿಕದ ಕನೆಕ್ಟಿಕಟ್ ಸೀಮೆಯ ಲಿಚ್‌ಫೀಲ್ಡ್ ಊರಿನ ಆಲಿವರ್ ವೋಲ್ಕಾಟ್ ಅವರ ಕಾಗದಪತ್ರಗಳಲ್ಲಿ ಉಳಿದ ಈ ಪಟ್ಟಿಯ ಅಚ್ಚಾದ ಪ್ರತಿಯನ್ನು ಓದಿದ ಮೇಲೆ ಮುಂದಕ್ಕೆ ಹೋಗಲು ಮನಸ್ಸಾಗಲಿಲ್ಲ. ಏಕೆಂದರೆ ಇಲ್ಲಿ ಕರಗಿದ್ದು ಒಬ್ಬ ದೊರೆಯ ಪ್ರತಿಮೆ.

ನ್ಯೂಯಾರ್ಕಿನ ಬೌಲಿಂಗ್ ಗ್ರೀನ್‌ನಲ್ಲಿ 1770ರಲ್ಲಿ ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯ ಪ್ರತಿಮೆ ನಿಂತಿತು. ಲಂಡನ್ನಿನ ಶಿಲ್ಪಿ ಜೋಸೆಫ್ ವಿಲ್ಟನ್ ಮಾಡಿದ್ದು. ಕುದುರೆ ಏರಿದ ದೊರೆ, ಸೀಸದ ಎರಕ, ಮೇಲೆ ಚಿನ್ನದ ಲೇಪ. 1776ರ ಜುಲೈ 9ರಂದು ಸ್ವಾತಂತ್ರ್ಯ ಘೋಷಣೆಯನ್ನು ವಾಷಿಂಗ್ಟನ್ನರ ಸೈನ್ಯಕ್ಕೆ ಓದಿ ಹೇಳಿದರು. ಅದೇ ಸಂಜೆ ಜನ ಹಗ್ಗ ಹಾಕಿ ಪ್ರತಿಮೆಯನ್ನು ಕೆಡವಿದರು. ತುಂಡುಗಳ ಬಹುಪಾಲು ಲಿಚ್‌ಫೀಲ್ಡ್‌ಗೆ, ವೋಲ್ಕಾಟ್ ಅವರ ಮನೆಗೆ ಬಂತು. ಅವರು ಆ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು.

ಮೊದಲು ಕೂಡಿ ನೋಡಿದೆ. ಮಿಸೆಸ್ ಮಾರ್ವಿನ್ 6,058. ರೂತ್ ಮಾರ್ವಿನ್ 11,592. ವೋಲ್ಕಾಟ್ ಅವರ ಮಗಳು ಲಾರಾ 8,378, ಇನ್ನೊಬ್ಬ ಮಗಳು ಮೇರಿ ಆ್ಯನ್ 10,790, ಮಗ ಫ್ರೆಡರಿಕ್ 936. ಮಿಸೆಸ್ ಬೀಚ್ 1,802. ಇತರರು 2,182. ಅದಾದ ಮೇಲೆ ಎರಡು ಸಾಲು ತಯಾರಿಕೆಯದಲ್ಲ, ವಿತರಣೆಯದು: ಊರಿನ ಪಡೆಗೆ 50, ಒಂದು ರೆಜಿಮೆಂಟಿಗೆ 300. ಎಲ್ಲ ಸೇರಿಸಿದರೆ 42,088. ಒಂದೂ ಹೆಚ್ಚು ಕಡಿಮೆ ಇಲ್ಲ. ಐವರು ಹೆಣ್ಣುಮಕ್ಕಳ ಸಂಖ್ಯೆಗಳನ್ನಷ್ಟೇ ಕೂಡಿದೆ: 38,620. ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲು. ಮೇರಿ ಆ್ಯನ್‌ಗೆ ಆಗ ಹನ್ನೊಂದರ ಆಸುಪಾಸು. ಲೆಕ್ಕದಲ್ಲಿ ಅಕ್ಕನನ್ನೂ ಹಿಂದೆ ಹಾಕಿದ್ದಾಳೆ.

ಆಮೇಲೆ ತೂಕ. ಪ್ರತಿಮೆಯ ಸೀಸ ಸುಮಾರು 4,000 ಪೌಂಡ್ ಎನ್ನುತ್ತಾರೆ. ಆ ಕಾಲದ ಮಸ್ಕೆಟ್ ಬಂದೂಕಿನ ಗುಂಡು, ನಳಿಕೆಯ ಅಳತೆಗೆ ತಕ್ಕಂತೆ, ಪೌಂಡಿಗೆ 14ರಿಂದ 18 ಬರುತ್ತಿತ್ತು. ಹಾಗಾದರೆ 42,088 ಗುಂಡಿಗೆ ಬೇಕಾದದ್ದು 2,340ರಿಂದ 3,000 ಪೌಂಡ್. ಉಳಿದದ್ದರಲ್ಲಿ ಒಂದಿಷ್ಟಕ್ಕೆ ಉತ್ತರ ಅದೇ ಕನೆಕ್ಟಿಕಟ್‌ನ ವಿಲ್ಟನ್ ಎಂಬ ಊರಿನಲ್ಲಿದೆ. ದೊರೆಯ ಪರವಾಗಿದ್ದವರು ದಾರಿಯಲ್ಲಿ ಕೆಲವು ತುಂಡುಗಳನ್ನು ಕದ್ದು ಹೂತಿಟ್ಟರೆಂದು ಅಲ್ಲಿನ ಹೇಳಿಕೆ. ಮುಂದಿನ ಶತಮಾನದಲ್ಲಿ ಅಲ್ಲಿನ ನೆಲದಿಂದ ಕುದುರೆಯ ಬಾಲವೇ ಎದ್ದುಬಂತು. ಈಗ ಅದು ‘ನ್ಯೂಯಾರ್ಕ್ ಹಿಸ್ಟಾರಿಕಲ್’ ಸಂಗ್ರಹಾಲಯದಲ್ಲಿದೆ.

ಇನ್ನು ನಾನು ಹುಡುಕಿಕೊಂಡು ಹೋದ ಲೋಹ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ಮನೆಯ ಒಲೆಯೇ ಸಾಕು. ತವರ ಬೆರೆಸಿದರೆ ಎರಕ ಅಚ್ಚಿನ ಸಂದುಗೊಂದಿಗೂ ತುಂಬಿಕೊಳ್ಳುತ್ತದೆ. ಆಂಟಿಮನಿ ಕೂಡಿದರೆ ಗಡಸಾಗುತ್ತದೆ. ಕನ್ನಡದ ಪುಸ್ತಕಗಳನ್ನು ಬಹುಕಾಲ ಮುದ್ರಿಸಿದ ಅಚ್ಚುಮೊಳೆಗಳೂ ಈ ಮೂರರ ಬೆರಕೆಯೇ. ಮಸ್ಕೆಟ್‌ನ ನಳಿಕೆ ಒಳಗೆ ನುಣುಪು. ಗುಂಡು ಸಡಿಲವಾಗಿ ಇಳಿಯುತ್ತಿತ್ತು, ಮೆದು ಸೀಸವೇ ಸಾಕಿತ್ತು. ರೈಫಲ್‌ನ ನಳಿಕೆಯೊಳಗೆ ಸುರುಳಿ ತೋಡುಗಳಿವೆ; ಗುಂಡು ಅವನ್ನು ಕಚ್ಚಿಕೊಂಡು ತಿರುಗಬೇಕು. ವೇಗ ಹೆಚ್ಚಿದಂತೆ ಮೆದು ಸೀಸ ಅಲ್ಲಿ ಸವೆದು ಮೆತ್ತಿಕೊಳ್ಳತೊಡಗಿತು. 1871ರ ಮಾರ್ಟಿನಿ-ಹೆನ್ರಿ ರೈಫಲ್‌ನ ಗುಂಡಿಗೆ ಬ್ರಿಟಿಷರು 12 ಪಾಲು ಸೀಸಕ್ಕೆ 1 ಪಾಲು ತವರ ಸೇರಿಸಿದ್ದು ಅದಕ್ಕೇ.

ಲಿಚ್‌ಫೀಲ್ಡ್‌ನವರಿಗೆ ಆರಿಸಿಕೊಳ್ಳುವ ಅನುಕೂಲವೇ ಇರಲಿಲ್ಲ. ಯುದ್ಧಕಾಲ, ಸೀಸಕ್ಕೆ ಬರ, ಸಿಕ್ಕಿದ್ದೇ ಲೋಹ. ಅವರ ಪರವಾಗಿ ಹದ ನೋಡಿದವನು ಶಿಲ್ಪಿ, ಅದೂ ದೊರೆಯ ಮುಖ ಮೂಡಿಸಲಿಕ್ಕೆ. ಆ ಹದವೇ ಇಂದು ಗುರುತಿನ ಸಾಕ್ಷಿ. ಅದೇ ಯುದ್ಧದ, 1778ರ ಮಾನ್ಮತ್ ಕದನದ ನೆಲದಲ್ಲಿ ಸಿಕ್ಕ ಗುಂಡುಗಳ ಲೋಹವನ್ನು ಪುರಾತತ್ತ್ವಜ್ಞರು ಪ್ರತಿಮೆಯ ತುಂಡುಗಳ ಜೊತೆ ಹೋಲಿಸಿದ್ದಾರೆ. ಕೆಲವು ಗುಂಡುಗಳು ಅದಕ್ಕೆ ಹೊಂದುತ್ತವೆ.

ಹಾಳೆಗೆ ಮತ್ತೆ ಮರಳಿದೆ. ಫ್ರೆಡರಿಕ್‌ನ 936 ಎರಡು ಕಂತಿನದು: ಮೊದಲು 708, ಆಮೇಲೆ 228. ಅವನಿಗೆ ಇನ್ನೂ ಒಂಬತ್ತು ತುಂಬಿದೆಯೋ ಇಲ್ಲವೋ ಎನ್ನುವ ವಯಸ್ಸು. ಸೀಸ ಮಕ್ಕಳ ಮೈಗೆ ವಿಷ ಎಂದು ಇಂದು ನಮಗೆ ಗೊತ್ತು. ಲೋಹವನ್ನು ಪರೀಕ್ಷಿಸಿದರೆ ದೊರೆಯ ಗುರುತು ಸಿಗುತ್ತದೆ. ಆ ಹುಡುಗನ, ಅವನ ಅಕ್ಕಂದಿರ ಗುರುತು ಸಿಗುವುದು ಈ ಹಾಳೆಯಲ್ಲಿ ಮಾತ್ರ. ಅದಕ್ಕೇ ಅವರ ಹೆಸರುಗಳನ್ನೂ ಸಂಖ್ಯೆಗಳನ್ನೂ ಒಂದೂ ಬಿಡದೆ ಇಲ್ಲಿ ಬರೆದಿಟ್ಟಿದ್ದೇನೆ.