ಫ್ಯೂಜಿಕಾ ಜಿಡಬ್ಲ್ಯೂ690

ಫ್ಯೂಜಿಕಾ ಜಿಡಬ್ಲ್ಯೂ690 ಎಂಬುದು ಜಪಾನಿನ ಫ್ಯೂಜಿ ಫೋಟೊ ಫಿಲ್ಮ್ ಸಂಸ್ಥೆಯು 1978ರಲ್ಲಿ ಮಾರುಕಟ್ಟೆಗೆ ತಂದ ಮಧ್ಯಮ ಗಾತ್ರದ ಫಿಲ್ಮ್ ಬಳಸುವ ರೇಂಜ್‌ಫೈಂಡರ್ ಕ್ಯಾಮೆರಾ. ಇದರ ರೂಪ ಲೈಕಾ ಕ್ಯಾಮೆರಾವನ್ನು ಹೋಲುತ್ತದೆ, ಗಾತ್ರ ಮಾತ್ರ ಬಹಳ ದೊಡ್ಡದು. ಆದ್ದರಿಂದ ಇದಕ್ಕೆ 'ಟೆಕ್ಸಾಸ್ ಲೈಕಾ' ಎಂಬ ಅಡ್ಡಹೆಸರು ಬಂದಿದೆ. 1985ರಲ್ಲಿ ಇದರ ಎರಡನೆಯ ಹಾಗೂ 1992ರಲ್ಲಿ ಮೂರನೆಯ ಆವೃತ್ತಿಗಳು ಬಂದವು.

ರಚನೆ

ಕ್ಯಾಮೆರಾಕ್ಕೆ 90 ಮಿ.ಮೀ. ನಾಭಿದೂರದ, ಎಫ್/3.5 ದ್ಯುತಿರಂಧ್ರದ ಫ್ಯೂಜಿನಾನ್ ಮಸೂರವನ್ನು ಶಾಶ್ವತವಾಗಿ ಜೋಡಿಸಲಾಗಿದೆ. 120 ಫಿಲ್ಮ್ ಸುರುಳಿಯೊಂದರಲ್ಲಿ 8 ಚಿತ್ರಗಳನ್ನು ತೆಗೆಯಬಹುದು. ಪ್ರತಿ ನೆಗೆಟಿವ್‌ನ ವಿಸ್ತೀರ್ಣ 35 ಮಿ.ಮೀ. ಫಿಲ್ಮಿನ ಚಿತ್ರಕ್ಕಿಂತ ಐದು ಪಟ್ಟು ಹೆಚ್ಚು. ಹೀಗಾಗಿ ಚಿತ್ರವನ್ನು ಬಹಳ ದೊಡ್ಡದಾಗಿ ಮುದ್ರಿಸಿದರೂ ಸೂಕ್ಷ್ಮ ವಿವರಗಳು ಉಳಿಯುತ್ತವೆ. ಇಡೀ ಕ್ಯಾಮೆರಾ ಯಾಂತ್ರಿಕವಾಗಿದ್ದು, ಬ್ಯಾಟರಿಯ ಅಗತ್ಯವಿಲ್ಲ. ಬೆಳಕಿನ ಮಾಪಕವೂ ಇಲ್ಲದ ಕಾರಣ ಪ್ರತ್ಯೇಕ ಮಾಪಕವನ್ನು ಬಳಸಬೇಕಾಗುತ್ತದೆ. ಶಟರ್ ಮಸೂರದೊಳಗೇ ಇದ್ದು, ಅದರ ಗರಿಷ್ಠ ವೇಗ ಸೆಕೆಂಡಿನ 1/500 ಭಾಗ.

ಕಾರ್ಯವಿಧಾನ

ವ್ಯೂಫೈಂಡರ್‌ನ ನಡುವೆ ಒಂದೇ ವಸ್ತುವಿನ ಎರಡು ಬಿಂಬಗಳು ಕಾಣುತ್ತವೆ. ಮಸೂರದ ಉಂಗುರವನ್ನು ತಿರುಗಿಸಿದಾಗ ಅವೆರಡೂ ಒಂದಾದರೆ ವಸ್ತು ಫೋಕಸ್ ಆಗಿದೆ ಎಂದರ್ಥ. ದೃಶ್ಯವನ್ನು ಮಸೂರದ ಮೂಲಕ ನೋಡುವುದಿಲ್ಲವಾದ್ದರಿಂದ, ಮಸೂರದ ಮುಚ್ಚಳ ತೆಗೆಯಲು ಮರೆತರೂ ವ್ಯೂಫೈಂಡರ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಆದರೆ ಫಿಲ್ಮಿನ ಮೇಲೆ ಏನೂ ಮೂಡುವುದಿಲ್ಲ.

ಹಳೆಯ ಕ್ಯಾಮೆರಾದ ಪರೀಕ್ಷೆ

ಸುರುಳಿಗೆ ಎಂಟೇ ಚಿತ್ರಗಳು ದೊರೆಯುವುದರಿಂದ ದೋಷವಿರುವ ಕ್ಯಾಮೆರಾದಲ್ಲಿ ಫಿಲ್ಮ್ ಬೇಗನೆ ವ್ಯರ್ಥವಾಗುತ್ತದೆ. ಆದುದರಿಂದ ಮೊದಲೇ ಈ ಅಂಶಗಳನ್ನು ಪರಿಶೀಲಿಸುವುದು ರೂಢಿ:

* ಉಂಗುರವನ್ನು ಅನಂತ ದೂರದ ಗುರುತಿಗೆ ತಂದು ಚಂದ್ರನನ್ನೋ ದೂರದ ಗೋಪುರವನ್ನೋ ನೋಡಿದಾಗ ಎರಡು ಬಿಂಬಗಳು ಅಡ್ಡಲಾಗಿಯೂ ಲಂಬವಾಗಿಯೂ ಕೂಡಬೇಕು.
* ಒಂದು ಸೆಕೆಂಡಿನ ವೇಗವನ್ನು ಗಡಿಯಾರದೊಂದಿಗೆ ಹೋಲಿಸಬೇಕು. ಒಳಗಿನ ಗ್ರೀಸ್ ಒಣಗಿದ್ದರೆ ಶಟರ್ ನಿಧಾನವಾಗಿ ಮುಚ್ಚುತ್ತದೆ.
* ಮಸೂರದ ಮೂಲಕ ಟಾರ್ಚ್ ಹಾಯಿಸಿ ಬೂಷ್ಟು, ಮಬ್ಬು ಹಾಗೂ ಗೀರುಗಳನ್ನು ನೋಡಬೇಕು.
* ತಳಭಾಗದ ಎಣಿಕೆ ಯಂತ್ರವು ಶಟರ್ ಎಷ್ಟು ಬಾರಿ ಚಲಿಸಿದೆ ಎಂಬುದನ್ನು ಹತ್ತರ ಲೆಕ್ಕದಲ್ಲಿ ಸೂಚಿಸುತ್ತದೆ. 999 ದಾಟಿದರೆ ಅದು ಮತ್ತೆ ಸೊನ್ನೆಗೆ ಮರಳುವುದರಿಂದ ಈ ಸಂಖ್ಯೆಯೊಂದನ್ನೇ ನಂಬಲಾಗದು.

ಮೊದಲ ಸುರುಳಿಯಲ್ಲಿ ಒಂದೇ ವಸ್ತುವನ್ನು ಒಂದು ಮೀಟರ್, ಮೂರು ಮೀಟರ್ ಹಾಗೂ ದೂರದಿಂದ, ಎಫ್/3.5ರಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ತೆಗೆಯುವುದು ಉಪಯುಕ್ತ. ಪೂರ್ಣವಾಗಿ ತೆರೆದ ದ್ಯುತಿರಂಧ್ರದಲ್ಲಿ ಸ್ಪಷ್ಟತೆಯ ಆಳ ಅತಿ ಕಡಿಮೆಯಿರುವುದರಿಂದ ರೇಂಜ್‌ಫೈಂಡರ್‌ನ ಸಣ್ಣ ದೋಷವೂ ನೆಗೆಟಿವ್‌ನಲ್ಲಿ ಗೋಚರಿಸುತ್ತದೆ.

ಮಿತಿಗಳು

ಮಸೂರವನ್ನು ಬದಲಾಯಿಸಲಾಗದು. ಒಂದು ಮೀಟರಿಗಿಂತ ಹತ್ತಿರದ ವಸ್ತುಗಳನ್ನು ಫೋಕಸ್ ಮಾಡಲಾಗದು. ದೀರ್ಘ ಒಡ್ಡಿಕೆಗೆ 'ಬಿ' ಬದಲು 'ಟಿ' ವ್ಯವಸ್ಥೆಯಿದೆ. ಅದರಲ್ಲಿ ಗುಂಡಿಯಿಂದ ಬೆರಳು ತೆಗೆದರೂ ಶಟರ್ ಮುಚ್ಚುವುದಿಲ್ಲ. ವೇಗದ ಉಂಗುರವನ್ನು ತಿರುಗಿಸಿ ಮುಚ್ಚುವಾಗ ಕ್ಯಾಮೆರಾ ಅಲುಗುವ ಸಂಭವವಿದೆ. ಹಾಗಾಗಿ ಮೊದಲು ಮಸೂರವನ್ನು ಕಪ್ಪು ಕಾಗದದಿಂದ ಮರೆಮಾಡಿ ಬಳಿಕ ಉಂಗುರ ತಿರುಗಿಸಲಾಗುತ್ತದೆ.