ಉಣುಗಿನ ಜಾಡು ಹಿಡಿದು

ರೋಗಗಳಿಗೂ ಒಂದು ಚರಿತ್ರೆಯುಂಟು. ಮನುಷ್ಯನು ಎಲ್ಲಿ ನೆಲೆಸಿದನು, ಯಾವ ಕಾಡನ್ನು ಹೊಕ್ಕನು, ಏನನ್ನು ಕುಡಿದನು ಎಂಬ ಸಂಗತಿಗಳೆಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಉಣುಗಿನ ಕಡಿತದಿಂದ ಬರುವ ಮೆದುಳಿನ ಉರಿಯೂತದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ.

1930ರ ದಶಕದಲ್ಲಿ ಸೋವಿಯತ್ ದೇಶದ ಪೂರ್ವದಂಚಿನ ಮಹಾರಣ್ಯದಲ್ಲಿ ಹೊಸ ವಸತಿಗಳು ತಲೆಯೆತ್ತತೊಡಗಿದವು. ಸೈನಿಕರು, ಮರ ಕಡಿಯುವವರು, ವಲಸೆ ಬಂದ ಕುಟುಂಬದವರು ಅಲ್ಲಿಗೆ ಬಂದು ನೆಲೆಸಿದರು. ವಸಂತ ಬಂತೆಂದರೆ ಅವರಲ್ಲಿ ಕೆಲವರಿಗೆ ಹಠಾತ್ತನೆ ಜ್ವರ, ತಡೆಯಲಾರದ ತಲೆನೋವು; ಬಳಿಕ ಕತ್ತು ತೋಳುಗಳ ಸ್ವಾಧೀನವೇ ತಪ್ಪುತ್ತಿತ್ತು. ಅನೇಕರು ಮಡಿದರು, ಉಳಿದವರಲ್ಲಿ ಹಲವರು ಜೀವನಪೂರ್ತಿ ಅಂಗವಿಕಲರಾದರು. ಈ ರೋಗ ಉಸಿರಿನ ಮೂಲಕ ಒಬ್ಬರಿಂದೊಬ್ಬರಿಗೆ ಹರಡುವುದೆಂಬ ಊಹೆಯೂ ಆಗ ಪ್ರಚಾರದಲ್ಲಿತ್ತು.

1937ರ ಮೇ ತಿಂಗಳಿನಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಮಾಸ್ಕೋದಿಂದ ಒಂದು ತಂಡ ಅಲ್ಲಿಗೆ ಹೋಯಿತು. ಜಿಲ್ಬರ್ ಅವರು ರೋಗಿಗಳ ಬಳಿ ಕುಳಿತು ವಿಚಾರಿಸತೊಡಗಿದರು. ಅವರಲ್ಲೊಬ್ಬಳು ಗೃಹಿಣಿ, ಬಹಳ ದಿನಗಳಿಂದ ಬೇರೆ ಯಾವ ರೋಗಿಯ ಸಂಪರ್ಕವೂ ಅವಳಿಗೆ ಇರಲಿಲ್ಲ. ಆದರೆ ಸುಮಾರು ಎರಡು ವಾರದ ಹಿಂದೆ ಕಾಯಿ ಆರಿಸಲು ಕಾಡಿಗೆ ಹೋಗಿದ್ದಳು. ಮನೆಗೆ ಮರಳಿದಾಗ ಮೈಮೇಲೆ ಉಣುಗುಗಳಿದ್ದವು. ಜಿಲ್ಬರ್ ಅವರಿಗೆ ಇದೇ ದಾರಿದೀಪವಾಯಿತು. ದನಗಳಿಗೆ ಉಣುಗು ಕಚ್ಚುವ ಕಾಲವನ್ನು ಪಶುವೈದ್ಯರು ಮೊದಲೇ ಗುರುತಿಸಿಟ್ಟಿದ್ದರು. ಆ ಲೆಕ್ಕವನ್ನು ಹೋಲಿಸಿ ನೋಡಿದಾಗ ದನಗಳಲ್ಲಿ ಉಣುಗು ಹೆಚ್ಚಿದ ಎರಡು ವಾರಗಳ ತರುವಾಯ ಮನುಷ್ಯರಲ್ಲಿ ರೋಗ ಹೆಚ್ಚುತ್ತಿದ್ದುದು ಕಂಡುಬಂತು. ಕೆಲವೇ ತಿಂಗಳಲ್ಲಿ ರೋಗಕಾರಕ ವೈರಸ್ಸನ್ನು ತಂಡವು ಬೇರ್ಪಡಿಸಿತು. ಕಾಡಿನ ಇಲಿಯಂಥ ಸಣ್ಣ ಪ್ರಾಣಿಗಳಲ್ಲಿ ಬಾಳುವ ವೈರಸ್ಸು ಉಣುಗಿನ ದೇಹವನ್ನು ಸೇರಿ, ಹುಲ್ಲಿನ ತುದಿಯಲ್ಲಿ ಕಾದಿರುವ ಆ ಉಣುಗಿನಿಂದ ದಾರಿಹೋಕನಿಗೆ ತಗಲುವುದು ಸ್ಪಷ್ಟವಾಯಿತು.

ಈ ಅರಿವಿಗೆ ತೆತ್ತ ಬೆಲೆ ಸಣ್ಣದಲ್ಲ. ತಂಡದ ಮಿಖಾಯಿಲ್ ಚುಮಕೋವ್ ಅವರಿಗೆ ಅದೇ ರೋಗ ತಗುಲಿ, ಬಲಗೈ ಸ್ವಾಧೀನ ತಪ್ಪಿತು, ಕಿವಿ ಮಂದವಾಯಿತು. ಮಾಸ್ಕೋಗೆ ಹಿಂದಿರುಗಿದ ಜಿಲ್ಬರ್ ಅವರನ್ನು ಅದೇ ವರ್ಷದ ನವೆಂಬರಿನಲ್ಲಿ ಬಂಧಿಸಿದರು. ಯಾವ ರೋಗದ ಮೂಲವನ್ನು ಹುಡುಕಲು ಹೋಗಿದ್ದರೋ ಅದನ್ನೇ ಹರಡಲು ಯತ್ನಿಸಿದರೆಂಬುದು ಆರೋಪ! 1941ರಲ್ಲಿ ಈ ಸಂಶೋಧನೆಗೆ ಸ್ಟಾಲಿನ್ ಬಹುಮಾನ ಬಂದಾಗ ಆ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅವರು ಮೂರನೆಯ ಸಲ ಸೆರೆಯಲ್ಲಿದ್ದರು. ಬಿಡುಗಡೆಯಾದದ್ದು 1944ರಲ್ಲಿ.

ಉಣುಗು ಕಚ್ಚದೆಯೂ ಈ ರೋಗ ಬರುವುದುಂಟು. 1951ರಲ್ಲಿ ಇಂದಿನ ಸ್ಲೊವಾಕಿಯದ ರೋಜ್ನ್ಯಾವಾ ಪಟ್ಟಣದಲ್ಲಿ 600ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿತು. ಕಾಡಿನ ಮುಖವನ್ನೇ ಕಾಣದವರಿಗೂ ಅದು ಬಂದುದಕ್ಕೆ ಕಾರಣ ಹಾಲು. ಉಣುಗು ಕಚ್ಚಿದ ಆಡುಗಳ ಹಾಲು ಡೈರಿಯ ಹಾಲಿನೊಡನೆ ಬೆರೆತಿತ್ತು; ಅದನ್ನು ಸರಿಯಾಗಿ ಕಾಯಿಸಿರಲಿಲ್ಲ. ಕಾಯಿಸಿದರೆ ನಾಶವಾಗುವ ವೈರಸ್ಸು ಹಸಿ ಹಾಲಿನ ಮೂಲಕ ಊರನ್ನೇ ಹೊಕ್ಕಿತು.

ಇದು ದೂರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿದಾಗ ಇಲ್ಲಿಯ ವೈರಸ್ಸು ರಷ್ಯದ ಆ ವೈರಸ್ಸಿನ ಹತ್ತಿರದ ಬಂಧುವೆಂದು ತಿಳಿದುಬಂತು. ಉಣುಗಿನ ಜಾತಿ ಬೇರೆ, ರೋಗದ ಲಕ್ಷಣಗಳಲ್ಲಿಯೂ ವ್ಯತ್ಯಾಸವುಂಟು. ರೋಗ ತಗಲುವ ದಾರಿ ಮಾತ್ರ ಅದೇ. ಮಲೆನಾಡಿನ ಜನ ಇದನ್ನು ಮಂಗನ ಕಾಯಿಲೆಯೆಂದು ಕರೆದರು. ಪಾಪ, ಮಂಗವೂ ನಮ್ಮಂತೆಯೇ ಇದಕ್ಕೆ ಬಲಿಯಾಗುವ ಜೀವಿ.

ಕಾಡಿಗೆ ಹೋಗಬೇಡಿರೆಂದು ಹೇಳುವುದು ಸುಲಭ. ಒಲೆಗೆ ಸೌದೆಯನ್ನೂ ಕೊಟ್ಟಿಗೆಗೆ ತರಗೆಲೆಯನ್ನೂ ತರಬೇಕಾದವರಿಗೆ ಅಂಥ ಉಪದೇಶದಿಂದ ಪ್ರಯೋಜನವಿಲ್ಲ. ಮೈತುಂಬ ಬಟ್ಟೆ ಧರಿಸುವುದು, ಮರಳಿದೊಡನೆ ಮೈಯನ್ನು ಪರೀಕ್ಷಿಸಿಕೊಳ್ಳುವುದು, ಮಂಗ ಸತ್ತರೆ ಕೂಡಲೆ ಆರೋಗ್ಯ ಇಲಾಖೆಗೆ ತಿಳಿಸುವುದು ಅವರ ಕೈಲಾಗುವ ಕೆಲಸ. ವೈದ್ಯರಿಂದ ಆಗಬೇಕಾದುದೂ ಒಂದುಂಟು. ಜ್ವರ ಬಂದವರನ್ನು ಹತ್ತಿರ ಕೂರಿಸಿಕೊಂಡು, “ಈಚೆಗೆ ಎಲ್ಲಿಗೆ ಹೋಗಿದ್ದಿರಿ?” ಎಂದು ಕೇಳಬೇಕು, ಅವರು ಹೇಳುವುದನ್ನು ಕೊನೆಯವರೆಗೂ ಆಲಿಸಬೇಕು. ಒಬ್ಬ ಗೃಹಿಣಿಯ ಮಾತನ್ನು ಜಿಲ್ಬರ್ ಅವರು ಹಾಗೆ ಆಲಿಸಿದ್ದರಿಂದಲೇ ಉಣುಗಿನ ಜಾಡು ಸಿಕ್ಕಿತು.